ಕೇಳುವ ವಿದ್ಯೆ

ಉಪಾಧ್ಯಾಯ ವೃತ್ತಿಯಲ್ಲಿ ಮೂವತ್ತನಾಲ್ಕು ವರ್ಷ ಸವೆಸಿದವನಿಗೆ ಅಂಟಿಕೊಳ್ಳುವ ರೋಗಗಳು ಹಲವು. ಸೀಮೆಸುಣ್ಣದ ಧೂಳಿನ ಕೆಮ್ಮು ಅವುಗಳಲ್ಲೊಂದು, ಅದಕ್ಕೆ ಕಷಾಯವುಂಟು. ಮಾತಿನ ರೋಗಕ್ಕೆ ಮಾತ್ರ ಔಷಧವನ್ನು ನಾನು ಕಾಣೆ. ಎದುರಿಗೆ ಬಂದವರು ತಮ್ಮ ಸಂಕಟವನ್ನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ನಾವೇ ಊಹಿಸಿ, ಅದಕ್ಕೊಪ್ಪುವ ಸುಭಾಷಿತವೊಂದನ್ನು ಹುಡುಕಿ, ಪದವಿಭಾಗ ಮಾಡಿ, ಅನ್ವಯಾರ್ಥವನ್ನೂ ತಾತ್ಪರ್ಯವನ್ನೂ ಹೇಳಿ ಕಳುಹಿಸಿದ ಹೊರತು ನಮಗೆ ಸಮಾಧಾನವಾಗದು. ಸಂಸ್ಕೃತದ ಮಾಸ್ತರನಾದ ನನ್ನಲ್ಲಿ ಸುಭಾಷಿತಗಳ ದಾಸ್ತಾನು ಸ್ವಲ್ಪ ಹೆಚ್ಚಾಗಿಯೇ ಇತ್ತು.

2019ರ ಮಳೆಗಾಲದಲ್ಲಿ ನನ್ನ ಅಳಿಯನು ಲಾರಿಯೊಂದರ ಅಪಘಾತದಲ್ಲಿ ತೀರಿಕೊಂಡನು. ಮಗಳು ಆರು ವರ್ಷದ ಹುಡುಗನೊಡನೆ ನಮ್ಮ ಮನೆಗೆ ಬಂದಳು. ತಂದೆಯಾದವನು ಮಾಡಬೇಕಾದುದನ್ನೆಲ್ಲ ಮಾಡಿದೆನೆಂದೇ ನಾನು ಆಗ ಭಾವಿಸಿದ್ದೆ. ಸಂಜೆಯ ಹೊತ್ತು ಅವಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಗೀತೆಯ ಎರಡನೆಯ ಅಧ್ಯಾಯವನ್ನು ವಿವರಿಸುವೆನು. ದೇಹದ ಅನಿತ್ಯತೆ, ಆತ್ಮದ ನಿತ್ಯತೆ, ಕ್ಷಮೆಯ ಮಹಿಮೆ ಇವನ್ನೆಲ್ಲ ಹೇಳುವೆನು. ಲಾರಿಯ ಚಾಲಕನ ಮೇಲೆ ಮೊಕದ್ದಮೆ ನಡೆಯುತ್ತಿದ್ದ ಕಾಲ ಅದು. ಅವಳು ಕೆಲವು ದಿನ ಕೇಳಿದಳು. ಆಮೇಲೆ ಜಗಲಿಗೆ ಬರುವುದನ್ನು ನಿಲ್ಲಿಸಿದಳು. ಕ್ರಮೇಣ ನನ್ನೊಡನೆ ಅವಳ ಮಾತು ಅಕ್ಕಿ, ಉಪ್ಪು, ಹುಡುಗನ ಶಾಲೆಯ ಶುಲ್ಕ ಇಷ್ಟಕ್ಕೇ ನಿಂತುಹೋಯಿತು. ಸಂಜೆ ತುಳಸಿಕಟ್ಟೆಗೆ ದೀಪವಿಡುವುದನ್ನೂ ಬಿಟ್ಟಳು. ನನ್ನ ಹೆಂಡತಿ ಒಂದು ದಿನ, "ಅವಳು ಅಳುವುದಕ್ಕೆ ಒಂದಿಷ್ಟು ಜಾಗ ಕೇಳಿದಳು. ನೀವು ಪಾಠಶಾಲೆ ಕಟ್ಟಿಸಿಕೊಟ್ಟಿರಿ" ಎಂದಳು. ನನಗೆ ಕೋಪ ಬಂತು. ಉತ್ತರ ಮಾತ್ರ ಬರಲಿಲ್ಲ.

ನಾನು ನಿವೃತ್ತನಾದ ವರ್ಷ ನಮ್ಮ ಬೀದಿಯ ಕೊನೆಯಲ್ಲಿ ವಾಸವಾಗಿದ್ದ ಯೇಸುಸಭೆಯ ವೃದ್ಧ ಪಾದ್ರಿಗಳೊಬ್ಬರು ಮನೆಗೆ ಬಂದು, ಗೀತೆಯನ್ನು ಮೂಲದಲ್ಲಿಯೇ ಓದಬೇಕೆಂಬ ಆಸೆಯುಂಟು, ಹೇಳಿಕೊಡುವಿರಾ ಎಂದು ಕೇಳಿದರು. ಎಪ್ಪತ್ತೈದು ದಾಟಿದ ಶಿಷ್ಯ. ಕೈಯಲ್ಲಿ ಎರಡು ಗೆರೆಯ ಪುಸ್ತಕ, ಕಿವಿಯಲ್ಲಿ ಶ್ರವಣಯಂತ್ರ. ಮಂಗಳವಾರ ಮತ್ತು ಶುಕ್ರವಾರ ಪಾಠವೆಂದು ಗೊತ್ತಾಯಿತು. ಇಷ್ಟು ವರ್ಷ ತಾವು ಏನು ಕೆಲಸ ಮಾಡುತ್ತಿದ್ದಿರಿ ಎಂದು ವಿಚಾರಿಸಲು, "ಬಂದವರ ಮಾತು ಕೇಳಿಸಿಕೊಳ್ಳುತ್ತಿದ್ದೆ" ಎಂದರು. ಪಾಪನಿವೇದನೆಯನ್ನು ಕೇಳುವುದಾಗಿರಬೇಕೆಂದು ನಾನು ಊಹಿಸಿದೆ. ಅದಲ್ಲವಂತೆ.

ವಾಚಕರಲ್ಲಿಯೂ ಅನೇಕರಿಗೆ ಇದೇ ಭ್ರಾಂತಿ ಇರಬಹುದಾದುದರಿಂದ ಅವರು ಹೇಳಿದುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಾಪನಿವೇದನೆಯು ಒಂದು ಸಂಸ್ಕಾರ; ಅಲ್ಲಿ ದೇವರ ಹೆಸರಿನಲ್ಲಿ ಕ್ಷಮೆಯನ್ನು ಸಾರುವ ಅಧಿಕಾರ ದೀಕ್ಷೆ ಪಡೆದ ಗುರುವಿಗೆ ಮಾತ್ರ ಉಂಟು. ಆಧ್ಯಾತ್ಮಿಕ ಮಾರ್ಗದರ್ಶನವೆಂಬುದು ಬೇರೆ. ಅದನ್ನು ಪಾದ್ರಿಯೇ ಮಾಡಬೇಕೆಂದಿಲ್ಲ. ಸನ್ಯಾಸಿನಿಯರು ಮಾಡುತ್ತಾರೆ, ಸಂಸಾರಿಗಳೂ ಮಾಡುತ್ತಾರೆ. ಸಾಧಾರಣವಾಗಿ ತಿಂಗಳಿಗೊಮ್ಮೆ, ಒಂದು ಗಂಟೆಯ ಹೊತ್ತು, ಇಬ್ಬರು ಎದುರುಬದುರು ಕುಳಿತುಕೊಳ್ಳುತ್ತಾರೆ. ಮೊದಲು ಕೊಂಚ ಮೌನ. ಬಂದವನು ತನ್ನ ಪ್ರಾರ್ಥನೆಯಲ್ಲಿಯೂ ಮನೆಯಲ್ಲಿಯೂ ಕೆಲಸದಲ್ಲಿಯೂ ಮನಸ್ಸು ಹೇಗೆ ನಡೆಯುತ್ತಿದೆಯೆಂಬುದನ್ನು ಹೇಳುತ್ತಾನೆ. ಕೇಳುವವನು ಕೇಳುತ್ತಾನೆ, ಎಲ್ಲೋ ಒಂದು ಕಡೆ, "ಆಗ ನಿಮಗೆ ಏನೆನ್ನಿಸಿತು?" ಎಂದು ಒಂದು ಪ್ರಶ್ನೆ ಹಾಕುತ್ತಾನೆ. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ರೀವೊ ಮಠದ ಅಧಿಪತಿಯಾಗಿದ್ದ ಏಲ್ರೆಡನು ಆಧ್ಯಾತ್ಮಿಕ ಸ್ನೇಹವನ್ನು ಕುರಿತು ಬರೆದ ಸಂವಾದಗ್ರಂಥದ ಆರಂಭದಲ್ಲಿಯೇ, ಹೀಗೆ ಇಬ್ಬರು ಸ್ನೇಹಿತರು ಕುಳಿತಲ್ಲಿ ಕ್ರಿಸ್ತನು ಮೂರನೆಯವನಾಗಿ ನಡುವೆ ಇರುತ್ತಾನೆಂಬ ಭಾವವಿದೆ. ನಿಜವಾದ ಮಾರ್ಗದರ್ಶಕನು ಆ ಮೂರನೆಯವನೇ ಎಂಬುದು ಪಾದ್ರಿಗಳ ಮತ.

ಈ ಪದ್ಧತಿಯ ಬೇರು ಈಜಿಪ್ಟಿನ ಮರುಭೂಮಿಯಲ್ಲಿದೆ. ನಾಲ್ಕನೆಯ ಶತಮಾನದಲ್ಲಿ ಅಂತೋನಿ ಮೊದಲಾದ ತಪಸ್ವಿಗಳು ಅಲ್ಲಿನ ಮರಳುಗಾಡಿನಲ್ಲಿ ಗುಡಿಸಲು ಕಟ್ಟಿಕೊಂಡು ಬುಟ್ಟಿ ಹೆಣೆಯುತ್ತ ಪ್ರಾರ್ಥಿಸುತ್ತಿದ್ದರು. ಕಿರಿಯರು ದೂರ ನಡೆದುಬಂದು ಹಿರಿಯನ ಬಾಗಿಲಲ್ಲಿ ನಿಂತು ಒಂದು ಮಾತನ್ನು ಬೇಡುವರು. ಹಿರಿಯನು ಒಂದೇ ವಾಕ್ಯ ಹೇಳುವನು. ಕೆಲವು ಸಲ ಅದನ್ನೂ ಹೇಳನು. ಸಿಂಕ್ಲೆಟಿಕಾ ಮೊದಲಾದ ಸ್ತ್ರೀಯರೂ ಅಂಥ ಹಿರಿಯರ ಸಾಲಿನಲ್ಲಿದ್ದರು. ನಮ್ಮ ಗುರುಕುಲಗಳನ್ನು ಬಲ್ಲವರಿಗೆ ಇದು ಅಪರಿಚಿತವಾದ ಚಿತ್ರವಲ್ಲವಷ್ಟೆ.

ಪಾಠದ ಮೊದಲ ದಿನವೇ ನನಗೂ ಶಿಷ್ಯರಿಗೂ ಭಿನ್ನಾಭಿಪ್ರಾಯವಾಯಿತು. ಎಂದಿನ ಅಭ್ಯಾಸದಂತೆ ನಾನು ಮೊದಲನೆಯ ಅಧ್ಯಾಯವನ್ನು ಹಾರಿಸಿ ಎರಡನೆಯದರ ಹನ್ನೊಂದನೆಯ ಶ್ಲೋಕಕ್ಕೆ ಕೈಹಾಕಿದೆ. ಉಪದೇಶ ಆರಂಭವಾಗುವುದು ಅಲ್ಲಿಯೇ, ಶಂಕರರು ಶ್ಲೋಕಭಾಷ್ಯವನ್ನು ತೊಡಗುವುದೂ ಅಲ್ಲಿಯೇ. ಅವರು ಒಪ್ಪಲಿಲ್ಲ, ಮೊದಲಿನಿಂದಲೇ ಬೇಕೆಂದರು. ಶಂಖಗಳ ಹೆಸರುಗಳನ್ನೂ ಯೋಧರ ಪಟ್ಟಿಯನ್ನೂ ದಾಟಿ ಅರ್ಜುನನ ವಿಷಾದಕ್ಕೆ ಬಂದಾಗ ಅವರು ಪೆನ್ಸಿಲನ್ನು ಕೆಳಗಿಟ್ಟು, "ಮಾಸ್ತರೇ, ಈ ಅಧ್ಯಾಯದಲ್ಲಿ ಕೃಷ್ಣನು ಎಷ್ಟು ಮಾತನಾಡುತ್ತಾನೆ?" ಎಂದು ಕೇಳಿದರು. ಹುಡುಕಿ ನೋಡಿದೆ. ಅರ್ಧ ಶ್ಲೋಕ! ನೆರೆದಿರುವ ಕುರುಗಳನ್ನು ನೋಡು ಎಂಬಷ್ಟೇ. ಉಳಿದಂತೆ, ಹೇಳಿದ ಕಡೆ ರಥವನ್ನು ತಂದು ನಿಲ್ಲಿಸಿ, ಗೆಳೆಯನ ಕೈ ನಡುಗುವುದನ್ನೂ ಬಾಯಿ ಒಣಗುವುದನ್ನೂ ಅವನ ವಾದಗಳೆಲ್ಲವನ್ನೂ ಕೊನೆಯವರೆಗೆ ಕೇಳುತ್ತಾನೆ. ಜಗದ್ಗುರುವಾದವನಿಗೆ ಉತ್ತರವು ಮೊದಲೇ ಗೊತ್ತಿರಲಿಲ್ಲವೆ? ಮೂವತ್ತನಾಲ್ಕು ವರ್ಷ ಗೀತೆಯನ್ನು ಪಾಠ ಹೇಳಿದ ನನಗೆ ಈ ಮೌನವು ಕಣ್ಣಿಗೆ ಬಿದ್ದಿರಲಿಲ್ಲ. ಆ ರಾತ್ರಿ ನಾನು ಚೆನ್ನಾಗಿ ನಿದ್ರೆ ಮಾಡಲಿಲ್ಲ.

ಅವರ ಸಭೆಯ ಮೂಲಪುರುಷನಾದ ಇಗ್ನೇಷಿಯಸನ ಕಥೆಯನ್ನು ಗುರುದಕ್ಷಿಣೆಯಾಗಿ ನನಗೆ ಹೇಳಿದರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿಯ ಗುಂಡು ತಗಲಿ ಕಾಲು ಮುರಿದ ಈ ಯೋಧನು ಲೊಯೋಲಾದ ತನ್ನ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದನು. ಹೊತ್ತು ಕಳೆಯಲು ವೀರರ ಪ್ರಣಯದ ಕಥೆಗಳನ್ನು ಕೇಳಿದನು. ಮನೆಯಲ್ಲಿ ಅವು ಇರಲಿಲ್ಲ. ಸಿಕ್ಕಿದವು ಕ್ರಿಸ್ತನ ಚರಿತ್ರೆ ಮತ್ತು ಸಂತರ ಚರಿತ್ರೆಗಳು. ಒಮ್ಮೆ ಒಬ್ಬ ಕುಲೀನ ಸ್ತ್ರೀಯ ಸೇವೆಯಲ್ಲಿ ತಾನು ಮೆರೆಯುವುದನ್ನು ಗಂಟೆಗಟ್ಟಲೆ ಕಲ್ಪಿಸಿಕೊಳ್ಳುವನು. ಇನ್ನೊಮ್ಮೆ ಸಂತರಂತೆ ಬರಿಗಾಲಲ್ಲಿ ಯಾತ್ರೆ ಹೋಗುವುದನ್ನು ಕಲ್ಪಿಸಿಕೊಳ್ಳುವನು. ಆ ಹೊತ್ತಿಗೆ ಎರಡೂ ಹಿತವಾಗಿಯೇ ಇದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಉಂಡ ಮೇಲೆ ನಾಲಿಗೆಯಲ್ಲಿ ಉಳಿಯುವ ರುಚಿಯಿಂದ ಅಡುಗೆಯನ್ನು ತಿಳಿಯುವಂತೆ ಆಲೋಚನೆಗಳನ್ನು ತಿಳಿಯಬಹುದೆಂಬುದು ಅವನಿಗೆ ಹೊಳೆಯಿತು. ಈ ಬೀಜದಿಂದಲೇ ಅವನ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಪುಸ್ತಕವು ಬೆಳೆಯಿತು. 1548ರಲ್ಲಿ ಮೂರನೆಯ ಪೌಲ್ ಪೋಪರು ಅದಕ್ಕೆ ಒಪ್ಪಿಗೆಯಿತ್ತರು. ಸುಮಾರು ಮೂವತ್ತು ದಿನದ ಆ ಏಕಾಂತಸಾಧನೆಯನ್ನು ಮಾಡಿಸುವವನಿಗೆ ಅದರಲ್ಲಿ ಒಂದು ಎಚ್ಚರಿಕೆಯಿದೆ: ಸಾಧಕನನ್ನು ಆ ಕಡೆಗಾಗಲಿ ಈ ಕಡೆಗಾಗಲಿ ವಾಲಿಸದೆ, ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತು, ಸೃಷ್ಟಿಕರ್ತನೂ ಸೃಷ್ಟಿಯೂ ನೇರವಾಗಿ ವ್ಯವಹರಿಸಿಕೊಳ್ಳಲು ಬಿಡಬೇಕು. ನಮ್ಮ ಕಠೋಪನಿಷತ್ತಿನ ಶ್ರೇಯಸ್ಸು ಪ್ರೇಯಸ್ಸುಗಳ ವಿವೇಕವೇ ಇದು ಎಂದು ನಾನು ಕೂಡಲೆ ಹೇಳಿದೆ. ಅವರು ನಕ್ಕು, "ಇರಬಹುದು, ಮಾಸ್ತರೇ. ಆದರೆ ಹೋಲಿಸುವುದಕ್ಕೆ ಮೊದಲು ಒಂದು ದಿನ ಹಾಗೆಯೇ ಇಟ್ಟುಕೊಂಡು ನೋಡಿ" ಎಂದರು.

ಹೀಗಿರಲಾಗಿ ಒಂದು ಶುಕ್ರವಾರ ನಾನು ಪೇಟೆಯಿಂದ ತಡವಾಗಿ ಬಂದೆ. ಪಾದ್ರಿಗಳು ಜಗಲಿಯ ಬೆಂಚಿನ ಮೇಲಿದ್ದರು. ಮಗಳು ಕಂಬಕ್ಕೆ ಒರಗಿ ಕುಳಿತು ಮಾತನಾಡುತ್ತಿದ್ದಳು. ನಾನು ಬಾಗಿಲು ತೆರೆದ ಸದ್ದಿಗೆ ಅವಳ ಮಾತು ನಿಂತಿತು. ಆಮೇಲೆ ಪಾಠಕ್ಕಿಂತ ಅರ್ಧ ಗಂಟೆ ಮೊದಲೇ ಅವರು ಬರುವುದೂ ಅವಳು ಜಗಲಿಗೆ ಬರುವುದೂ ರೂಢಿಯಾಯಿತು. ನೆರೆಯವರು ಒಂದೆರಡು ಮಾತು ಆಡಿದರು; ಅವು ಎಂಥ ಮಾತುಗಳೆಂಬುದನ್ನು ಓದುವವರು ಊಹಿಸಬಲ್ಲರು. ನನ್ನ ನೋವು ಬೇರೆಯದು. ಮೂರು ವರ್ಷ ನನಗೆ ಹೇಳದುದನ್ನು ಮಗಳು ಹೊರಗಿನವರೊಬ್ಬರಿಗೆ ಹೇಳುತ್ತಿದ್ದಾಳೆ! ಇದನ್ನು ಮತ್ಸರವೆನ್ನದೆ ಬೇರೆ ಹೆಸರಿನಿಂದ ಕರೆಯಲು ನಾನು ಕೋಶಗಳಲ್ಲಿ ಹುಡುಕಿದ್ದುಂಟು, ಸಿಕ್ಕಲಿಲ್ಲ. ಒಂದು ಸಂಜೆ ತಡೆಯಲಾರದೆ, "ಫಾದರ್, ಅವಳು ತಮಗೆ ಏನು ಹೇಳುತ್ತಾಳೆ? ತಾವು ಏನು ಉತ್ತರ ಕೊಡುತ್ತೀರಿ?" ಎಂದು ಕೇಳಿಯೇಬಿಟ್ಟೆ.

"ಅವಳು ಹೇಳುವುದು ಅವಳದು; ಅದನ್ನು ತಮಗೆ ಕೊಡಲು ನನಗೆ ಹಕ್ಕಿಲ್ಲ. ಉತ್ತರವನ್ನಂತೂ ನಾನು ಕೊಟ್ಟೇ ಇಲ್ಲ" ಎಂದು ಹೇಳಿ, ಮುಂದಿನ ಪಾಠಕ್ಕೆ ಬರುವಾಗ ಫ್ರಾನ್ಸಿಸ್ ದ ಸೇಲ್ಸನ ಪುಸ್ತಕವೊಂದನ್ನು ತಂದುಕೊಟ್ಟರು.

ಜಿನೀವಾದ ಬಿಷಪನಾಗಿ ಆನ್ಸಿಯಲ್ಲಿ ನೆಲೆಸಿದ್ದ ಈ ಮಹನೀಯನು (1567–1622) ಗೃಹಸ್ಥರ ಗುರು. ಭಕ್ತಿಯು ಮಠದ ಗೋಡೆಯೊಳಗಿನ ಸೊತ್ತಲ್ಲ. ಕುಶಲಕರ್ಮಿಗೂ ಗೃಹಿಣಿಗೂ ವಿಧವೆಗೂ ಅವರವರ ಸ್ಥಿತಿಗೆ ತಕ್ಕ ಭಕ್ತಿಯುಂಟೆಂದು 1609ರಲ್ಲಿ ಅಚ್ಚಾದ ಅವನ ಗ್ರಂಥವು ಸಾರುತ್ತದೆ. ಅವನು ಮಾರ್ಗದರ್ಶನ ಮಾಡಿದವರಲ್ಲಿ ಜೇನ್ ದ ಶಾಂತಾಲ್ ಎಂಬ ಸ್ತ್ರೀ ಒಬ್ಬಳು. 1601ರಲ್ಲಿ ಅವಳ ಗಂಡನು ಬೇಟೆಯಲ್ಲಿ ಜೊತೆಗಾರನೊಬ್ಬನ ಗುಂಡು ಅಕಸ್ಮಾತ್ತಾಗಿ ತಗಲಿ ಸತ್ತನು. ಇಪ್ಪತ್ತೊಂಬತ್ತರ ವಿಧವೆ, ನಾಲ್ಕು ಮಕ್ಕಳು. ಅವಳಿಗೆ ಮೊದಲು ದೊರೆತ ಮಾರ್ಗದರ್ಶಕನು, ತನಗೆ ವಿಧೇಯಳಾಗಿರಬೇಕು, ತನ್ನನ್ನು ಬಿಟ್ಟು ಬೇರೆಯವರನ್ನು ಹಿಡಿಯಬಾರದು, ತಾನು ಹೇಳಿದುದನ್ನು ಗುಟ್ಟಾಗಿಡಬೇಕು, ಅಂತರಂಗವನ್ನು ಮತ್ತಾರಿಗೂ ತೆರೆಯಬಾರದು ಎಂದು ನಾಲ್ಕು ಪ್ರತಿಜ್ಞೆಗಳಿಂದ ಅವಳನ್ನು ಕಟ್ಟಿಹಾಕಿದ್ದನು. 1604ರಲ್ಲಿ ಡಿಜಾನ್ ಪಟ್ಟಣಕ್ಕೆ ಉಪನ್ಯಾಸಕ್ಕೆಂದು ಬಂದ ಫ್ರಾನ್ಸಿಸನನ್ನು ಅವಳು ಕಂಡಳು. ಅವನು ಆತುರಪಡಲಿಲ್ಲ; ತಿಂಗಳುಗಳು ಯೋಚಿಸಿದ ಮೇಲೆಯೇ ಅವಳ ಭಾರವನ್ನು ಒಪ್ಪಿಕೊಂಡು, ಆ ಕಟ್ಟುಗಳಿಂದ ಬಿಡಿಸಿ, ಒತ್ತಾಯದಿಂದಲ್ಲ ಪ್ರೀತಿಯಿಂದ ಎಲ್ಲವನ್ನೂ ಮಾಡುವುದಾಗಲಿ ಎಂದು ಬರೆದನು. ಗಂಡನ ಸಾವಿಗೆ ಕಾರಣನಾದವನ ವಿಷಯದಲ್ಲಿ ಅವಳು ತಾನಾಗಿ ಹುಡುಕಿಕೊಂಡು ಹೋಗಬೇಕೆಂದು ಅವನು ವಿಧಿಸಲಿಲ್ಲ; ಭೇಟಿ ಒದಗಿದರೆ ಹೃದಯವು ಮೃದುವಾಗಿರಲಿ ಎಂದಷ್ಟೇ ಬಯಸಿದನು. ವರ್ಷಗಳು ಕಳೆದ ಮೇಲೆ ಅವಳು ಆ ಮನುಷ್ಯನ ಮಗುವಿಗೆ ಜ್ಞಾನಸ್ನಾನದ ತಾಯಿಯಾಗಿ ನಿಂತಳು. 1610ರಲ್ಲಿ ಅವರಿಬ್ಬರೂ ಸೇರಿ ಆನ್ಸಿಯಲ್ಲಿ ಸ್ತ್ರೀಯರಿಗಾಗಿ ಒಂದು ಸಂಘವನ್ನು ಸ್ಥಾಪಿಸಿದರು.

ಪುಸ್ತಕವನ್ನು ಓದಿ, ಆ ಚರಿತ್ರೆಯನ್ನೂ ತಿಳಿದ ಮೇಲೆ, ಆ ಮೊದಲನೆಯ ಮಾರ್ಗದರ್ಶಕನ ಮುಖವು ನನಗೆ ಎಲ್ಲೋ ಪರಿಚಿತವಾಗಿ ತೋರಿತು. ಅವನಂತೆ ನಾನು ಪ್ರತಿಜ್ಞೆಗಳನ್ನು ಮಾಡಿಸಿರಲಿಲ್ಲ ನಿಜ. ಆದರೆ ಚಾಲಕನನ್ನು ಕ್ಷಮಿಸು ಎಂದು ಮೊಕದ್ದಮೆಯ ನಡುವೆಯೇ ಶ್ಲೋಕಗಳಿಂದ ಅವಳನ್ನು ಕಟ್ಟಿಹಾಕಿದವನು ನಾನಲ್ಲದೆ ಮತ್ತಾರು? ಆವಿಲಾದ ತೆರೇಸಳು ಅರ್ಧಪಂಡಿತರಾದ ಗುರುಗಳಿಂದ ತನಗಾದ ಕಷ್ಟವನ್ನು ಬರೆದಿದ್ದಾಳೆಂದು ತಿಳಿದು ಮೊದಲು ನನಗೆ ಹಿತವೇ ಆಗಿತ್ತು. ಪೂರ್ಣಪಂಡಿತರು ಮೋಸಮಾಡಲಿಲ್ಲವೆಂದೂ ಅವಳೇ ಹೇಳಿದ್ದಾಳಲ್ಲ! ಆದರೆ ಅವಳ ಸಹವರ್ತಿಯಾದ ಶಿಲುಬೆಯ ಯೋಹಾನನು ಬಿಡಲಿಲ್ಲ. ಕುಲುಮೆಯ ಕಮ್ಮಾರನಂತೆ ಸುತ್ತಿಗೆಯ ಪೆಟ್ಟೊಂದನ್ನೇ ಬಲ್ಲ ಮಾರ್ಗದರ್ಶಕರಿದ್ದಾರೆಂದೂ, ಮರವನ್ನು ಕಡಿಯಬಲ್ಲವನೆಲ್ಲ ವಿಗ್ರಹವನ್ನು ಕೆತ್ತಲಾರನೆಂದೂ ಅವನು ಕಟುವಾಗಿಯೇ ನುಡಿದಿದ್ದಾನೆ.

ಇಷ್ಟಾದರೂ ನನಗೊಂದು ಸಂಶಯ ಉಳಿದೇ ಇದೆ. ಕೇಳುತ್ತಲೇ ಇರುವುದು ಕೆಲವು ಸಲ ಹೊಣೆಯಿಂದ ತಪ್ಪಿಸಿಕೊಳ್ಳುವ ಉಪಾಯವೂ ಆಗಬಾರದೇಕೆ? ಇದನ್ನು ಕೇಳಿದಾಗ ಪಾದ್ರಿಗಳು ಅಲ್ಲವೆನ್ನಲಿಲ್ಲ. ಇಂಗ್ಲೆಂಡಿನ ಲೇಖಕಿ ಈವ್ಲಿನ್ ಅಂಡರ್‌ಹಿಲ್‌ಳು 1921ರಲ್ಲಿ ಫಾನ್ ಹ್ಯೂಗೆಲ್ ಎಂಬ ಗೃಹಸ್ಥ ವಿದ್ವಾಂಸನಲ್ಲಿಗೆ ಹೋದಾಗ, ಅನುಭಾವವನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದಿದ್ದ ಆಕೆಗೆ ಅವನು ವಾರಕ್ಕೆ ಎರಡು ದಿನ ಬಡವರ ಮನೆಗಳಿಗೆ ಹೋಗಿಬರಲು ಹೇಳಿದನಂತೆ. ಅವನು ಕಥೋಲಿಕನು, ಆಕೆ ಆಂಗ್ಲಿಕನ್ ಸಭೆಯವಳು. "ಹೇಳಬೇಕಾದಾಗ ಹೇಳಬೇಕು. ಆದರೆ ಅವನು ಮೊದಲು ಕೇಳಿದ್ದನು" ಎಂದರು.

ಹೋದ ವರ್ಷ ಅವರು ತಮ್ಮ ಸಭೆಯ ವೃದ್ಧರ ನಿವಾಸಕ್ಕೆ ಹೊರಟುಹೋದರು. ಹನ್ನೆರಡನೆಯ ಅಧ್ಯಾಯದವರೆಗೆ ಬಂದಿದ್ದೆವು. ಕೊನೆಯ ಪಾಠದ ದಿನ ಸನ್ನಂತಪ್ರಕರಣದ ಮಾತು ಬಂದು, 'ಶುಶ್ರೂಷಾ' ಎಂಬ ಪದವನ್ನು ಬಿಡಿಸಿ ತೋರಿಸಿದೆ. ಸೇವೆ, ಆರೈಕೆ ಎಂದು ನಾವು ಬಳಸುವ ಈ ಪದಕ್ಕೆ ಧಾತ್ವರ್ಥದಲ್ಲಿ 'ಕೇಳಬೇಕೆಂಬ ಇಚ್ಛೆ' ಎಂದೇ ಅರ್ಥ. ಎಷ್ಟು ತಂಡದ ಹುಡುಗರಿಗೆ ಈ ರೂಪಸಿದ್ಧಿಯನ್ನು ಕಂಠಪಾಠ ಮಾಡಿಸಿಲ್ಲ! ಪಾದ್ರಿಗಳು ಅದನ್ನು ತಮ್ಮ ಪುಸ್ತಕದಲ್ಲಿ ಎರಡು ಸಲ ಬರೆದುಕೊಂಡರು.

ಮೊನ್ನೆ ಸಂಜೆ ಮಳೆ ಹಿಡಿದಿತ್ತು. ವಿದ್ಯುತ್ತು ಹೋಗಿತ್ತು. ಮಗಳು ಎರಡು ಲೋಟ ಕಾಫಿ ತಂದು ಜಗಲಿಯಲ್ಲಿ ನನ್ನೆದುರಿಗೆ ಕುಳಿತಳು. ತುಳಸಿಯ ದೀಪವನ್ನು ಈಗ ಕೆಲವು ದಿನ ಹಚ್ಚುತ್ತಾಳೆ, ಕೆಲವು ದಿನ ಇಲ್ಲ; ನಾನು ಕೇಳುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಳಿಯನು ತೀರಿಕೊಂಡ ದಿನದ ಬೆಳಗ್ಗೆ ಅವರಿಬ್ಬರ ನಡುವೆ ನಡೆದುದನ್ನು ಅವಳು ಹೇಳತೊಡಗಿದಳು. ಈ ಲೇಖನ ಬರೆಯಲು ಅವಳ ಒಪ್ಪಿಗೆಯುಂಟು. ಆದರೆ ಆ ಮಾತುಗಳು ಅವಳವು, ಇಲ್ಲಿ ಬರೆಯತಕ್ಕವಲ್ಲ. ಕಾಫಿ ಆರಿತು. ಮಾತಿನ ಮಧ್ಯದಲ್ಲಿ ಭರ್ತೃಹರಿಯ ಶ್ಲೋಕವೊಂದು ಪದವಿಭಾಗ ಸಹಿತವಾಗಿ ನನ್ನ ಗಂಟಲಿಗೆ ಬಂತು. ನುಂಗಿದೆ. ಮತ್ತೆ ಬಂತು. ಅವಳು ಕಣ್ಣೊರಸಿಕೊಂಡು ನನ್ನ ಮುಖವನ್ನು ನೋಡಿ, ಅಷ್ಟರಲ್ಲಿಯೂ ನಕ್ಕುಬಿಟ್ಟಳು.

"ಹೇಳಿಬಿಡಿ ಅಪ್ಪಯ್ಯ, ಪರವಾಗಿಲ್ಲ. ನನ್ನದು ಮುಗಿದ ಮೇಲೆ ಹೇಳಿ."

ಅವಳದು ಮುಗಿಯುವಷ್ಟರಲ್ಲಿ ರಾತ್ರಿ ಒಂಬತ್ತಾಗಿತ್ತು. ಶ್ಲೋಕದ ಎರಡನೆಯ ಪಾದ ನನಗೆ ಮರೆತುಹೋಗಿತ್ತು.