ಕಪ್ಪು ಮಸಿಯ ಗದ್ದೆ

ಚೀನಾದ ಮಸಿಚಿತ್ರಗಳಲ್ಲಿ ನೀರಿಗೆ ಬಣ್ಣ ಹಚ್ಚಬೇಕಿಲ್ಲ. ಕಾಗದವನ್ನು ಖಾಲಿ ಬಿಟ್ಟರೆ ಅದೇ ನೀರು. ಲಿ ಕೆರಾನ್ (1907–1989) ಅವರ ಎಮ್ಮೆಗಳ ಚಿತ್ರ ನೋಡಿದಾಗ ನನಗೆ ಇದು ಗೊತ್ತಾಯಿತು. ಕಪ್ಪು ಎಮ್ಮೆ, ಬೆನ್ನ ಮೇಲೊಬ್ಬ ಹುಡುಗ, ಸುತ್ತ ಏನೂ ಇಲ್ಲ. ಆದರೂ ಎಮ್ಮೆ ನೀರಿನಲ್ಲಿ ಮುಳುಗಿದೆ ಎಂದು ಕಾಣುತ್ತದೆ. ದನವನ್ನೇ ಗುರುವೆಂದು ಭಾವಿಸಿ ಅವರು ತಮ್ಮ ಚಿತ್ರಶಾಲೆಗೆ ಆ ಅರ್ಥದ ಹೆಸರಿಟ್ಟಿದ್ದರಂತೆ. ನಮ್ಮ ಮನೆಯಲ್ಲೂ ಎರಡು ಎಮ್ಮೆಗಳಿವೆ. ಗುರು ಎನ್ನುವಷ್ಟು ತಾಳ್ಮೆ ನನಗಿನ್ನೂ ಬಂದಿಲ್ಲ.

ಬೇಸಾಯವನ್ನು ಚಿತ್ರಿಸುವುದು ಅಲ್ಲಿ ಬಹಳ ಹಳೆಯದು. 12ನೇ ಶತಮಾನದಲ್ಲಿ ಲೌ ಶು ಎಂಬ ಅಧಿಕಾರಿ 45 ಚಿತ್ರಗಳನ್ನು ಬರೆದು ಚಕ್ರವರ್ತಿಗೆ ಒಪ್ಪಿಸಿದ. ಅವುಗಳಲ್ಲಿ 21 ಭತ್ತದ ಕೆಲಸದ್ದು, 24 ರೇಷ್ಮೆಯದ್ದು. ಮೂಲ ಉಳಿದಿಲ್ಲ, ನಕಲುಗಳಿವೆ. ಬೀಜ ನೆನೆಸುವುದು, ಉಳುವುದು, ನಾಟಿ, ಕಳೆ, ಕೊಯ್ಲು, ತೂರುವುದು... ಮುಂದಿನ ಚಿತ್ರ ಯಾವುದೆಂದು ನೋಡುವ ಮೊದಲೇ ಹೇಳಬಲ್ಲೆ ಎನಿಸಿತು. ಒಂದು ಕಡೆ ಮಾತ್ರ ತಡೆದು ನಿಂತೆ. ಅಲ್ಲಿ ನಾಟಿ ಮಾಡುವವರು ಗಂಡಸರು! ನಮ್ಮ ಗಂಗಾವತಿ ಕಡೆ ನಾಟಿ ಎಂದರೆ ಹೆಂಗಸರೇ. ಅಮ್ಮಿ ಸಂಜೆ ಮನೆಗೆ ಬಂದರೆ ಸೊಂಟ ನೆಟ್ಟಗಾಗಲು ಬಹಳ ಹೊತ್ತು ಬೇಕು. ಅರಮನೆಗಾಗಿ ಬರೆದ ಆ ಚಿತ್ರಗಳಲ್ಲಿ ಎಲ್ಲರೂ ಅಚ್ಚುಕಟ್ಟು, ಯಾರಿಗೂ ಸಾಲವಿದ್ದಂತೆ ಕಾಣುವುದಿಲ್ಲ.

ಅದಕ್ಕೇ ನನಗೆ ಚಿ ಬೈಶಿ (1864–1957) ಹೆಚ್ಚು ಇಷ್ಟ. ಹುನಾನ್ ಪ್ರಾಂತದ ಬಡ ರೈತನ ಮಗ. ಮೊದಲ ಅಕ್ಷರಗಳನ್ನು ಕಲಿಸಿದ್ದು ಅಜ್ಜ, ಒಲೆಯ ಬೂದಿಯಲ್ಲಿ ಬರೆದು. ಎಮ್ಮೆ ಮೇಯಿಸಲು ಹೋಗುವಾಗ ಅಜ್ಜಿ ಕೊರಳಿಗೆ ಗಂಟೆ ಕಟ್ಟಿದ್ದರು. ಸಂಜೆ ಅದರ ಸದ್ದು ಕೇಳಿದ ಮೇಲೆಯೇ ಅವರಿಗೆ ಸಮಾಧಾನ. ಮುಂದೆ ಬಡಗಿಯಾದ, ಆಮೇಲೆ ದೊಡ್ಡ ಕಲಾವಿದನಾದ. ಕೋಸು, ಬುಟ್ಟಿ, ಸೀಗಡಿ, ಕೊನೆಗೆ ತರಗೆಲೆ ಬಾಚುವ ಕೋಲನ್ನೂ ಬರೆದ. ಅದೊಂದೇ ಕೋಲು, ಉದ್ದಕ್ಕೆ, ಕಪ್ಪು ಮಸಿಯಲ್ಲಿ! ಹೆಸರು ಬಂದ ಮೇಲೂ ಚಿತ್ರಗಳ ಮೇಲೆ ಒತ್ತುತ್ತಿದ್ದ ಮುದ್ರೆಗಳಲ್ಲಿ ಒಂದು, ತಾನು ಬಡಗಿಗಳ ಮೂಲಗುರು ಲು ಬಾನನ ಶಿಷ್ಯನೆಂದು ಹೇಳುತ್ತಿತ್ತು.

ನಮ್ಮದು ಗುತ್ತಿಗೆ ಗದ್ದೆ. ಪ್ರವೇಶದ ಅರ್ಜಿಯಲ್ಲಿ ತಂದೆಯ ಉದ್ಯೋಗದ ಕಾಲಂ ಬಂದಾಗ ಅಬ್ಬಾ, "ರೈತ ಅಂತ ಬರೀಬೇಡ, ನಮ್ಮದು ಅಂತ ಭೂಮಿ ಎಲ್ಲಿದೆ? ವ್ಯಾಪಾರ ಅಂತ ಹಾಕು" ಎಂದಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಕಾಲುವೆಯ ನೀರು ತಿರುಗಿಸುವವರು ಅವರೇ.

ಈ ಸಲದ ಸ್ಕಾಲರ್‌ಶಿಪ್ ಅರ್ಜಿಯಲ್ಲಿ 'ಕೃಷಿ' ಎಂದು ಬರೆದಿದ್ದೇನೆ. ಅಬ್ಬಾ ಇನ್ನೂ ಸಹಿ ಹಾಕಿಲ್ಲ.