ನೆನಪಿರುವ ತಂತಿ, ನಮ್ಮ ಮನೆಯ ಲೆಕ್ಕ

ಕಾಮರ್ಸ್ ಓದುವವನಿಗೆ ಲೋಹದ ವಿಷಯ ಏಕೆ ಎಂದು ಸ್ನೇಹಿತರು ಕೇಳಬಹುದು. ನಮ್ಮ ಮನೆಯಲ್ಲಿ ಈಗ ಅದೇ ಮಾತು. ನನ್ನ ಆಪಾ ತುಮಕೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಳೆ. ಆಕಾರ ನೆನಪಿಡುವ ಲೋಹದ ತಂತಿಗಳನ್ನು ಫೈಬರ್ ಹಾಳೆಯೊಳಗೆ ಹುದುಗಿಸಿ ಬಿಸಿ ಮಾಡಿದರೆ ಹಾಳೆ ಎಷ್ಟು ಬಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಪ್ರಾಜೆಕ್ಟ್. ಅಮ್ಮಿಗೆ ಅವಳು ಉರ್ದುವಿನಲ್ಲಿ ಹೇಳಿದ್ದು ಇಷ್ಟೇ: "ಯಾದ್ ರಖ್‌ನೇವಾಲಾ ತಾರ್."

ಆ ಲೋಹ ನಿಟಿನಾಲ್. ಅದರಲ್ಲಿ ನಿಕ್ಕಲ್ ಮತ್ತು ಟೈಟಾನಿಯಂ ಪರಮಾಣುಗಳು ಹೆಚ್ಚುಕಡಿಮೆ ಸಮ. ತಣ್ಣಗಿದ್ದಾಗ ಬಗ್ಗಿಸಿದರೆ ಬಗ್ಗಿಯೇ ಇರುತ್ತದೆ, ಬಿಸಿ ತಾಗಿದರೆ ಹಳೆಯ ಆಕಾರಕ್ಕೆ ಮರಳುತ್ತದೆ. ಶೇಕಡಾ 8ರವರೆಗೆ ಎಳೆದರೂ ಮರಳಬಲ್ಲದು. ಹಲ್ಲಿನ ಕ್ಲಿಪ್ಪಿನ ತಂತಿಯಲ್ಲಿ, ರಕ್ತನಾಳದ ಸ್ಟೆಂಟಿನಲ್ಲಿ ಇದೇ ಲೋಹವಿದೆ. ಬೆಂಗಳೂರಿನ ಎನ್‌ಎಎಲ್‌ನಲ್ಲೂ ಇದರ ಮೇಲೆ ಸಂಶೋಧನೆ ನಡೆದಿದೆ.

ಕಂಪ್ಯೂಟರ್ ಮಾಡುವ ಕೆಲಸ ಮಾತ್ರ ನನಗೆ ಬೇಗ ಅರ್ಥವಾಯಿತು. ಹಾಳೆಯನ್ನು ಸಾವಿರಾರು ಚಿಕ್ಕ ಚೌಕಗಳಾಗಿ ವಿಂಗಡಿಸುತ್ತಾರೆ. ಪ್ರತಿ ಚೌಕಕ್ಕೂ ಒಂದು ಖಾತೆ: ಶಾಖ ಎಷ್ಟು, ಎಳೆತ ಎಷ್ಟು, ಲೋಹದ ಎಷ್ಟು ಭಾಗ ಬಿಸಿ ಸ್ಥಿತಿಗೆ ಬದಲಾಗಿದೆ. ಈ ಲೋಹ ಬಿಸಿಯಾಗುವ ದಾರಿ ಬೇರೆ, ತಣಿಯುವ ದಾರಿ ಬೇರೆ. ಆದ್ದರಿಂದ ಈಗಿನ ಶಾಖವೊಂದೇ ಗೊತ್ತಿದ್ದರೆ ಸಾಲದು, ಹಿಂದೆ ಏನಾಗಿತ್ತು ಎಂಬುದೂ ಬೇಕು. ಒಂದು ಹಂತದ ಅಂತಿಮ ಶಿಲ್ಕು ಮುಂದಿನ ಹಂತದ ಆರಂಭಿಕ ಶಿಲ್ಕು. ನಮ್ಮ ಅಕೌಂಟೆನ್ಸಿಯ ಮೊದಲ ಪಾಠವೇ ಇದು!

ಕುಣಿಗಲ್ಲಿನ ಮಾಮು, "ಓದಿದ್ದು ಸಾಕು, ಗುಬ್ಬಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಇದೆಯಲ್ಲ, ಅಲ್ಲಿ ಕೆಲಸ ನೋಡಲಿ," ಎನ್ನುತ್ತಾರೆ. ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹಾರುವಾಗಲೇ ಹೆಲಿಕಾಪ್ಟರ್ ರೆಕ್ಕೆಯನ್ನು ಇಂಥ ಲೋಹದಿಂದ ತುಸು ತಿರುಚಬಹುದೇ ಎಂದು ಹೊರದೇಶಗಳಲ್ಲಿ ಪ್ರಯೋಗಗಳಾಗಿವೆ. ಆ ಮಟ್ಟದ ಕೆಲಸ ಬೇಕೆಂದೇ ಆಪಾ ಎಂ.ಟೆಕ್ ಕೇಳುತ್ತಿದ್ದಾಳೆ.

ಅಬ್ಬಾ ಇನ್ನೂ ಏನೂ ಹೇಳಿಲ್ಲ. ಖರ್ಚಿನ ಪಟ್ಟಿ ಬರೆಯುವ ಕೆಲಸ ನನ್ನದಾಗಿದೆ. ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಎಐಸಿಟಿಇ ಅನುಮೋದಿತ ಕಾಲೇಜಿಗೆ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ. ಅದನ್ನು ಜಮಾ ಕಡೆ ಬರೆದಿದ್ದೇನೆ. ಕೆಳಗೆ ಅಬ್ಬಾಗೆಂದು ಒಂದು ಸಾಲು ಸೇರಿಸಿದ್ದೇನೆ: ನಾಲ್ಕು ವರ್ಷದ ಶಿಲ್ಕು ಉಳಿದಿರುವಾಗ ಅದನ್ನು ಮುಂದಕ್ಕೆ ಒಯ್ಯದೆ ಪುಸ್ತಕ ಮುಚ್ಚಬಾರದು.