ಹಲ್ಲು ಕೀಳಿಸುವ ಮುನ್ನ ನಾನು ಮುಚ್ಚಿಟ್ಟ ಮಾತು

"ಬಿಪಿ ಇದೆಯಾ? ಶುಗರ್ ಇದೆಯಾ?"

ಹಲ್ಲಿನ ಡಾಕ್ಟರು ಕುರ್ಚಿಯಲ್ಲಿ ಕೂರಿಸಿದೊಡನೆ ಕೇಳುವ ಪ್ರಶ್ನೆ ಇದು. ಸಹೋದರಿಯರೇ, ನೀವೇನು ಉತ್ತರ ಕೊಡುತ್ತೀರಿ? ನಾನು "ಇಲ್ಲ" ಎಂದೆ. ಅದು ಸುಳ್ಳಲ್ಲ. ನನಗೆ ಬಿಪಿಯೂ ಇಲ್ಲ, ಶುಗರೂ ಇಲ್ಲ. ಆದರೆ ಕೈಚೀಲದಲ್ಲಿ ಹೃದಯದ ಮಾತ್ರೆಗಳಿದ್ದವು. ಆ ವಿಷಯ ಮಾತ್ರ ಬಾಯಿಂದ ಹೊರಡಲಿಲ್ಲ.

ಮೂರು ವರ್ಷಗಳ ಹಿಂದಿನ ಮಾತಿದು. ಪರದೆಯ ಆಚೆ ಬೆಂಚಿನ ಮೇಲೆ ನಮ್ಮ ಬೀದಿಯ ಇಬ್ಬರು ಹೆಂಗಸರು ಕುಳಿತಿದ್ದರು. ನಮ್ಮ ಹುಣಸೂರಿನಲ್ಲಿ ಬೆಳಗ್ಗೆ ಆಡಿದ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿ ಬರುತ್ತದೆ. ಆಗಷ್ಟೇ ಹಿರಿಯ ಮಗಳಿಗೆ ಕೆ.ಆರ್. ನಗರದಿಂದ ಸಂಬಂಧವೊಂದು ಬಂದಿತ್ತು. "ಹುಡುಗಿಯ ತಾಯಿ ಹಾರ್ಟ್ ಪೇಷಂಟ್ ಅಂತೆ" ಎಂಬ ಮಾತು ಅಲ್ಲಿಗೆ ತಲುಪಿದರೆ? ನಾನು ಬಾಯಿ ತೆರೆದು ಹಲ್ಲು ತೋರಿಸಿದೆ, ಅಷ್ಟೇ.

ನನ್ನ ಕಾಯಿಲೆ ಹೊಸದಲ್ಲ. ಪಿರಿಯಾಪಟ್ಟಣದ ತವರಿನಲ್ಲಿ ಚಿಕ್ಕವಳಿದ್ದಾಗ ಪದೇ ಪದೇ ಗಂಟಲು ನೋವು, ಜ್ವರ, ಆಮೇಲೆ ಮಂಡಿ ಊತ ಬರುತ್ತಿತ್ತು. ಅಮ್ಮಿ ಶುಂಠಿ ಕಷಾಯ ಕೊಟ್ಟರು, ಜ್ವರ ಬಿಟ್ಟಿತು, ಎಲ್ಲರೂ ಮರೆತರು. ಆ ಗಂಟಲಿನ ಸೋಂಕೇ ಮುಂದೆ ಹೃದಯದ ಕವಾಟವನ್ನು ಕಿರಿದಾಗಿಸಿತ್ತು. ಇದಕ್ಕೆ ರುಮ್ಯಾಟಿಕ್ ಹೃದ್ರೋಗ ಎನ್ನುತ್ತಾರೆ. ತಾಯಿಯಿಂದ ಮಗಳಿಗೆ ಅಂಟಿಬರುವ ಕಾಯಿಲೆ ಇದಲ್ಲ. ಮದ್ರಸಾದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ ನಿಂತಿದ್ದಾಗ ಒಮ್ಮೆ ಎದೆಬಡಿತ ತಾಳ ತಪ್ಪಿ, ಒಂದು ಬಿಟ್ಟು ಮೂರು ಒಟ್ಟಿಗೆ ಬಡಿದಂತಾಗಿ, ಕಣ್ಣು ಕತ್ತಲಿಟ್ಟಿತು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು 'ಏಟ್ರಿಯಲ್ ಫಿಬ್ರಿಲೇಷನ್' ಎಂದರು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಬರೀ ನಡುಗುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಅದಾಗದಂತೆ ಅಸಿಟ್ರೋಮ್ ಎಂಬ, ರಕ್ತ ಬೇಗ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ದಿನಾ ನುಂಗಬೇಕು. ಐಎನ್‌ಆರ್ ಎಂಬ ರಕ್ತ ಪರೀಕ್ಷೆ ಮಾಡಿಸಿ, ಆ ಅಂಕಿ 2ರಿಂದ 3ರೊಳಗೆ ಇರುವಂತೆ ನೋಡಿಕೊಳ್ಳಬೇಕು.

ಈಗ ಹೊಸ ಮಾತ್ರೆಗಳು ಬಂದಿವೆ, ಅವಕ್ಕೆ ರಕ್ತ ಪರೀಕ್ಷೆಯ ಕಾಟವಿಲ್ಲ ಎಂದು ನನ್ನ ತಮ್ಮ ಹೇಳಿದ್ದ. ಕೇಳಿದಾಗ ಹೃದಯದ ಡಾಕ್ಟರು ಒಪ್ಪಲಿಲ್ಲ. ನನ್ನಂತೆ ಕವಾಟ ಕಿರಿದಾಗಿ ಬಡಿತ ತಪ್ಪಿದವರಿಗೆ ಹಳೆಯ ಮಾತ್ರೆಯೇ ಮೇಲು ಎಂದು, ಭಾರತವೂ ಸೇರಿ 24 ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆಯಂತೆ.

ಸರಿ, ಹಲ್ಲಿನ ಕಥೆಗೆ ಬರೋಣ. ಆ ದಿನ ಡಾಕ್ಟರು ಹಲ್ಲು ಕೀಳಲಿಲ್ಲ. ಕೆಳದವಡೆ ಊದಿತ್ತು. "ಮೊದಲು ಊತ ಇಳಿಯಲಿ" ಎಂದು ಐದು ದಿನಕ್ಕೆ ಮೂರು ಬಗೆಯ ಮಾತ್ರೆ ಬರೆದರು. ಅದರಲ್ಲಿ ಮೆಟ್ರೊನಿಡಜೋಲ್ ಇತ್ತು, ನೋವಿಗೆ ಡೈಕ್ಲೊಫೆನಾಕ್ ಇತ್ತು. ಹಲ್ಲಿನ ಸೋಂಕಿಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳೇ ಅವು. ಆದರೆ ಮೆಟ್ರೊನಿಡಜೋಲ್ ನನ್ನ ಅಸಿಟ್ರೋಮ್‌ನ ಬಲವನ್ನು ಏರಿಸಿಬಿಡುತ್ತದೆ. ಡೈಕ್ಲೊಫೆನಾಕ್ ಜೊತೆಗೂಡಿದರೆ ಹೊಟ್ಟೆಯಲ್ಲೂ ರಕ್ತ ಒಸರಬಹುದು. ಇದರ ಮೇಲೆ ಅಗಿಯಲಾಗದೆ ಐದು ದಿನ ಬರೀ ಗಂಜಿ ಕುಡಿದಿದ್ದೆ. ಬಸ್ಸಾರೂ ಇಲ್ಲ, ಸೊಪ್ಪೂ ಇಲ್ಲ. ಸೊಪ್ಪಿನಲ್ಲಿರುವ ಕೆ ಜೀವಸತ್ವ ತಟ್ಟನೆ ನಿಂತರೂ ಐಎನ್‌ಆರ್ ಏರುತ್ತದೆ ಎಂದು ಆಮೇಲೆ ತಿಳಿಯಿತು.

ಐದನೆಯ ದಿನ ಫಜ್ರ್‌ಗೆ ಎದ್ದು ವುಝೂ ಮಾಡಲು ಬಾಯಿ ಮುಕ್ಕಳಿಸಿದರೆ ನೀರು ಕೆಂಪಾಗಿತ್ತು. ತೋಳಿನ ಮೇಲೆ ಅಂಗೈಯಗಲದ ನೀಲಿ ಕಲೆ. ಯಜಮಾನರು ಮೈಸೂರಿಗೆ ಕರೆದೊಯ್ದರು. ಐಎನ್‌ಆರ್ 6.8! ಅಸಿಟ್ರೋಮ್ ನಿಲ್ಲಿಸಿ, ಕೆ ಜೀವಸತ್ವ ಕೊಟ್ಟು, ಎರಡು ದಿನ ಕಣ್ಣಿಟ್ಟು ನೋಡಿದರು. "ಹಲ್ಲಿನ ಡಾಕ್ಟರಿಗೆ ಹೇಳಲಿಲ್ಲವೇನಮ್ಮ?" ಎಂದು ಹೃದಯದ ಡಾಕ್ಟರು ಕೇಳಿದಾಗ ತಲೆ ತಗ್ಗಿಸಿದೆ. ಮಾತ್ರೆ ಬರೆದವರ ಮೇಲೆ ತಪ್ಪು ಹೊರಿಸಲು ನನಗೆ ಯಾವ ಹಕ್ಕಿತ್ತು?

ಆದರೆ ಹಲ್ಲು ಅಲ್ಲೇ ಇತ್ತಲ್ಲ! ಈಗ ಬಂಧುಬಳಗದ ಸಲಹೆಗಳು ಶುರುವಾದವು. ಪಿರಿಯಾಪಟ್ಟಣದ ಖಾಲಾ ಫೋನು ಮಾಡಿ, "ಒಂದು ವಾರ ಆ ಮಾತ್ರೆ ಬಿಟ್ಟುಬಿಡು ಬೇಟಿ, ಆಮೇಲೆ ಕೀಳಿಸು" ಎಂದರು. ಎಚ್.ಡಿ. ಕೋಟೆಯಿಂದ ಬಂದ ನಾದಿನಿ ಹಲ್ಲಿಗೆ ಹೊಗೆಸೊಪ್ಪಿನ ಚೂರು ಇಡಲು ಹೇಳಿದಳು. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಹೊಗೆಸೊಪ್ಪಿಗೆ ಬರವೇ? ಬ್ಯಾರನ್ ಇರುವ ಮನೆಯಲ್ಲಿ ಹಲ್ಲುನೋವಿಗೆ ಮೊದಲ ಮದ್ದೇ ಅದು. ಆದರೆ ಅದರ ನಿಕೋಟಿನ್ ಎದೆಬಡಿತವನ್ನು ಓಡಿಸುತ್ತದೆ, ವಸಡನ್ನೂ ಕೆಡಿಸುತ್ತದೆ. ಹಸಿ ಸೊಪ್ಪು ಪೋಣಿಸುವ ಹೆಂಗಸರಿಗೆ ವಾಂತಿ, ತಲೆಸುತ್ತು ಬರುವುದೂ ಚರ್ಮದ ಮೂಲಕ ಒಳಹೋಗುವ ಅದೇ ವಿಷದಿಂದ. ಬಡಿತ ತಪ್ಪಿದ ಹೃದಯದವರು ಅದನ್ನು ಬಾಯಿಯ ಹತ್ತಿರವೂ ತರಬಾರದು.

ಖಾಲಾರ ಮಾತಿಗೆ ಮಾತ್ರ ಮನಸ್ಸು ಅರ್ಧ ಒಪ್ಪಿತ್ತು. ರಕ್ತ ಕಂಡ ಭಯ ಅಂಥದ್ದು. ಆದರೆ ಹೃದಯದ ಡಾಕ್ಟರು ಬಿಡಿಸಿ ಹೇಳಿದರು: "ಬಾಯಲ್ಲಿ ರಕ್ತ ಬಂದರೆ ಹತ್ತಿ ಇಟ್ಟು ಒತ್ತಿಹಿಡಿಯಬಹುದಮ್ಮ. ಮಾತ್ರೆ ಬಿಟ್ಟು ತಲೆಯೊಳಗೆ ಹೆಪ್ಪು ಸಿಕ್ಕಿಕೊಂಡರೆ ಯಾವ ಬೆರಳಿಟ್ಟು ಒತ್ತುತ್ತೀರಿ?" ಒಂದೆರಡು ಹಲ್ಲು ಕೀಳಲು ಸಾಮಾನ್ಯವಾಗಿ ಈ ಮಾತ್ರೆ ನಿಲ್ಲಿಸಬೇಕಿಲ್ಲ. ಹಿಂದಿನ ದಿನ ನೋಡಿದ ಐಎನ್‌ಆರ್ 3.5ರೊಳಗಿದ್ದರೆ ಸಾಕು ಎಂದರು. ಹೊಸ ಬಗೆಯ ಮಾತ್ರೆ ನುಂಗುವವರಿಗೆ ಕ್ರಮ ಬೇರೆ. ಯಾವುದೇ ಆಗಲಿ, ಬಿಡುವುದೋ ಮುಂದುವರಿಸುವುದೋ ಎಂಬುದನ್ನು ಬರೆದುಕೊಟ್ಟ ಡಾಕ್ಟರೇ ಹೇಳಬೇಕು, ಖಾಲಾ ಅಲ್ಲ.

ಈ ಸಲ ಸಿದ್ಧತೆ ಮಾಡಿಕೊಂಡು ಹೊರಟೆ. ಒಂದು ಹಾಳೆಯಲ್ಲಿ ಕಾಯಿಲೆಯ ಹೆಸರು, ಎಲ್ಲ ಮಾತ್ರೆಗಳ ಹೆಸರು ಮತ್ತು ಹೊತ್ತು, ಕೊನೆಯ ಮೂರು ಐಎನ್‌ಆರ್ ಅಂಕಿ, ಹೃದಯದ ಡಾಕ್ಟರ ಫೋನ್ ನಂಬರ್ ಬರೆದುಕೊಂಡೆ. ಮೈಸೂರಿನಲ್ಲಿ ಫಾರೂಕಿಯಾ, ಜೆಎಸ್‌ಎಸ್‌ನಂಥ ದಂತ ಕಾಲೇಜುಗಳ ಆಸ್ಪತ್ರೆಗಳಿರುವುದರಿಂದ ಅಲ್ಲಿಗೇ ಹೋಗೋಣ ಎಂದುಕೊಂಡಿದ್ದೆ. ಆದರೆ ಹೃದಯದ ಡಾಕ್ಟರ ಚೀಟಿ ಕಂಡು ನಮ್ಮೂರಿನ ಅದೇ ಹಲ್ಲಿನ ಡಾಕ್ಟರು ತಾವೇ ಅವರಿಗೆ ಫೋನು ಮಾಡಿ ಮಾತಾಡಿದರು. ಮಂಗಳವಾರ ಬೆಳಗ್ಗೆ ಬರಲು ಹೇಳಿದರು. ಬೆಳಗ್ಗೆಯೇ ಏಕೆಂದರೆ, ಮನೆಗೆ ಹೋದ ಮೇಲೆ ರಕ್ತ ಬಂದರೂ ಹಗಲಲ್ಲೇ ವಾಪಸು ಬರಬಹುದು. ಶನಿವಾರ ಸಂಜೆ ಕೀಳಿಸಿಕೊಂಡು ಭಾನುವಾರ ಬಾಗಿಲು ಹಾಕಿದ ಕ್ಲಿನಿಕ್ ಮುಂದೆ ನಿಲ್ಲಬೇಕೆ?

ಬೆಂಚಿನ ಮೇಲೆ ಆ ದಿನವೂ ಜನರಿದ್ದರು. ಪರದೆಯ ಆಚೆ ಕೇಳುವಂತೆಯೇ ಎಲ್ಲವನ್ನೂ ಹೇಳಿದೆ.

ತಿಂಡಿ ತಿಂದು, ಬೆಳಗಿನ ಮಾತ್ರೆ ನುಂಗಿಯೇ ಹೋಗಿದ್ದೆ. ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಅಡ್ರಿನಲಿನ್ ಸೇರಿರುತ್ತದೆ, ಅದು ಎದೆಬಡಿತ ಏರಿಸಬಹುದು. ಅದಕ್ಕೇ ಡಾಕ್ಟರು ಸ್ವಲ್ಪವೇ ಔಷಧವನ್ನು ನಿಧಾನವಾಗಿ ಹಾಕಿದರು. ಬೇಡವೇ ಬೇಡ ಎಂದು ನೀವು ಹಟ ಹಿಡಿಯಬೇಡಿ. ಸರಿಯಾಗಿ ಮರಗಟ್ಟದೆ ನೋವಾದರೆ, ಹೆದರಿದರೆ, ನಮ್ಮ ದೇಹವೇ ಅದಕ್ಕಿಂತ ಹೆಚ್ಚು ಅಡ್ರಿನಲಿನ್ ಸುರಿಸುತ್ತದೆ. ಹಲ್ಲು ಬಂತು, ಎರಡು ಹೊಲಿಗೆ ಬಿತ್ತು, ಅರ್ಧ ಗಂಟೆ ಹತ್ತಿ ಕಚ್ಚಿಕೊಂಡು ಅಲ್ಲೇ ಕುಳಿತೆ. ಆ ದಿನವೆಲ್ಲ ಬಾಯಿ ಜೋರಾಗಿ ಮುಕ್ಕಳಿಸಲಿಲ್ಲ. ನೋವಿಗೆ ಬರೀ ಪ್ಯಾರಾಸಿಟಮಾಲ್.

ಕೃತಕ ಕವಾಟ ಇರುವವರಿಗೆ, ಹಿಂದೆ ಹೃದಯದೊಳಗೆ ಸೋಂಕಾದವರಿಗೆ ಹಲ್ಲು ಕೀಳುವ ಮುನ್ನ ಆಂಟಿಬಯೋಟಿಕ್ ಬೇಕಾಗುತ್ತದೆ. ಬರೀ ಬಡಿತದ ತೊಂದರೆಗೆ ಅದು ಬೇಡ. ನನ್ನಂತೆ ಹಳೆಯ ಕವಾಟ ಕೆಟ್ಟವರು ಕೇಳಿ ತಿಳಿಯಬೇಕು. ಪೇಸ್‌ಮೇಕರ್ ಇದ್ದರೆ ಹಲ್ಲು ಸ್ವಚ್ಛ ಮಾಡಿಸುವ ಮುನ್ನವೇ ತಿಳಿಸಿ. ಇನ್ನು, ತಡೆಯಬಹುದಾದ ಹಲ್ಲಿನ ಕೆಲಸಕ್ಕೆ ರಮಝಾನ್ ತಿಂಗಳನ್ನು ಆರಿಸಬೇಡಿ. ತಡೆಯಲಾಗದಿದ್ದರೆ, ಕಾಯಿಲೆಯವರು ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸಲು ಅಲ್ಲಾಹನೇ ರಿಯಾಯಿತಿ ಕೊಟ್ಟಿದ್ದಾನಲ್ಲ.

ಕೆ.ಆರ್. ನಗರದ ಸಂಬಂಧ ಮುಂದುವರಿಯಲಿಲ್ಲ. ಕಾರಣ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಗಳು ಈಗ ಎಚ್.ಡಿ. ಕೋಟೆಯಲ್ಲಿದ್ದಾಳೆ. ಆ ಮನೆಯವರಿಗೆ ಮೊದಲ ದಿನವೇ ಎಲ್ಲ ತಿಳಿಸಿದ್ದೆವು. ಬೆಂಚಿನ ಮೇಲಿದ್ದ ಹೆಂಗಸರಲ್ಲಿ ಒಬ್ಬರು ಒಂದು ಸಂಜೆ ದುಪಟ್ಟಾದ ಅಂಚಿನಲ್ಲಿ ಸುತ್ತಿಕೊಂಡ ಮಾತ್ರೆಯ ಪಟ್ಟಿಯೊಂದನ್ನು ತಂದು, "ಆಪಾ, ನಿಮ್ಮದೂ ಇದೇನಾ?" ಎಂದು ಮೆಲ್ಲಗೆ ಕೇಳಿದರು.

ಹೋದ ವಾರದಿಂದ ಮೇಲಿನ ಸಾಲಿನ ಹಲ್ಲೊಂದು ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿದೆ. ಬರುವ ಮಂಗಳವಾರಕ್ಕೆ ಹೆಸರು ಬರೆಸಿದ್ದೇನೆ. ಸೋಮವಾರ ರಕ್ತ ಕೊಡಬೇಕು.